ಬಟ್ಟೆ ಒಣಗದ ಊರಿಗೆ ಬಂದ ಐಸೋಪಾಡ್ ಕಿಟ್

ಕೊಡಗಿನ ಚೇರಂಬಾಣೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ವರಾಂಡದಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ಇದೆ. ಮೊದಲು ಮೀನು ಸಾಕುತ್ತಿದ್ದೆವು, ಈಗ ಅದರಲ್ಲಿ ಜರಿಗಿಡ, ಪಾಚಿ ಬೆಳೆಸಿದ್ದೇವೆ. ಉದುರಿದ ಎಲೆ, ಬೂಸ್ಟು ತಿನ್ನುವ ಹುಳಗಳನ್ನು ತಂದು ಒಳಗೆ ಬಿಟ್ಟರೆ ಆಮೇಲೆ ನಾವು ಕೈ ಹಾಕುವ ಕೆಲಸವೇ ಇಲ್ಲ ಎಂದು ಮಗ ಹಟ ಹಿಡಿದ. ಏಪ್ರಿಲ್ ಕೊನೆಗೆ 1,850 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಅಂಥ ಹುಳಗಳಿರುವ ಒಂದು 'ಬಯೋಆಕ್ಟಿವ್' ಕಿಟ್ ತರಿಸಿದೆ. ಆರು ತಿಂಗಳು ನೋಡಿ ಈಗ ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ 12 ಐಸೋಪಾಡ್ (ಉದುರಿದ ಎಲೆ ತಿನ್ನುವ ಸಣ್ಣ ಹುಳ), ಒಂದು ಕಪ್ ಸ್ಪ್ರಿಂಗ್‌ಟೇಲ್ (ಬೂಸ್ಟು ತಿನ್ನುವ ಇನ್ನೂ ಪುಟ್ಟ ಹುಳ), ಕೊಕೊಪೀಟ್, ಇದ್ದಿಲು, ಸ್ವಲ್ಪ ಒಣ ಎಲೆ, ಒಂದು ತುಂಡು ಕಡಲನಾಲಿಗೆ (ಕಟಲ್ ಮೀನಿನ ಸುಣ್ಣದಂಥ ಒಳಚಿಪ್ಪು), ತೊಟ್ಟಿಗೆ ಮುಚ್ಚಲು ಅಕ್ರಿಲಿಕ್ ಹಲಗೆ. ಕೊರಿಯರ್ ನಮ್ಮೂರಿಗೆ ಬರುವುದಿಲ್ಲ, ಮಡಿಕೇರಿಗೇ ಹೋಗಿ ತಂದೆ. ನಾಲ್ಕು ದಿನ ದಾರಿಯಲ್ಲಿದ್ದರೂ 11 ಜೀವಂತ ಇದ್ದವು. ಒದ್ದೆ ಪಾಚಿಯಲ್ಲಿ ಸುತ್ತಿ ಚೆನ್ನಾಗಿ ಪ್ಯಾಕ್ ಮಾಡಿದ್ದರು, ಅದಕ್ಕೆ ಪೂರ್ತಿ ಅಂಕ.

ಮೊದಲ ತಕರಾರು ಮಗನದು. ಡಬ್ಬಿಯ ಮೇಲಿನ ಚಿತ್ರದಲ್ಲಿ ಗುಂಡಗೆ ಸುತ್ತಿಕೊಂಡ ಹುಳ, ಒಳಗೆ ಇದ್ದದ್ದು 'ಪೌಡರ್ ಬ್ಲೂ' ಜಾತಿ. ಬೂದಿ ಬಳಿದ ಹಾಗೆ ನೀಲಿ ಬಣ್ಣ, ಮುಟ್ಟಿದರೆ ಸುತ್ತಿಕೊಳ್ಳುವುದಿಲ್ಲ, ಓಡಿಬಿಡುತ್ತದೆ. ಅತ್ತೆ ಮಳೆಗಾಲದಲ್ಲಿ ಹಿತ್ತಲಿನಿಂದ ಗೋಲಿಯಷ್ಟು ದಪ್ಪ ಗುಂಡಾದ ಒಂದನ್ನು ತಂದು, "ಇದಕ್ಕೆ ದುಡ್ಡು ಕೊಟ್ಟು ತರಿಸಿದ್ಯಾ ಮಾರಾಯ್ತಿ? ತೋಟದಲ್ಲಿ ಬೇಕಾದಷ್ಟು ಬಿದ್ದಿರ್ತದಲ್ಲ" ಎಂದರು. ಅದು ಸಹಸ್ರಪದಿ ಜಾತಿಯದು, ಕಾಲು ಎಣಿಸಿ ಮುಗಿಯುವುದಿಲ್ಲ. ಐಸೋಪಾಡ್‌ಗೆ ಹದಿನಾಲ್ಕೇ ಕಾಲು, ಅದು ಸಿಗಡಿ, ಏಡಿಯ ನೆಂಟ. ಅತ್ತೆಗೆ ಈ ವ್ಯತ್ಯಾಸ ಒಪ್ಪಿಗೆಯಾಗಲಿಲ್ಲ.

ನನ್ನ ದೊಡ್ಡ ದೂರು ಸೂಚನೆಯ ಚೀಟಿ ಬಗ್ಗೆ. 'ದಿನಕ್ಕೆರಡು ಸಲ ನೀರು ಚಿಮುಕಿಸಿ' ಎಂದಿದೆ. ಬೆಂಗಳೂರಿನ ಫ್ಲಾಟಿಗೆ ಸರಿ ಇರಬಹುದು. ಜುಲೈಯಲ್ಲಿ ನಮ್ಮಲ್ಲಿ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಚಪ್ಪಲಿಗೂ ಬೂಸ್ಟು ಬರುತ್ತದೆ. ನಾನು ಚೀಟಿ ನಂಬಿ ಚಿಮುಕಿಸಿದೆ. ಆ ಅಕ್ರಿಲಿಕ್ ಹಲಗೆಗೆ ಇದ್ದದ್ದು ಎರಡೇ ಎರಡು ತೂತು. ಹತ್ತು ದಿನದಲ್ಲಿ ಗಾಜಿನ ತುಂಬ ನೀರ ಹನಿ, ಮಣ್ಣು ಹಿಂಡಿದರೆ ನೀರು. ಹುಳಗಳೆಲ್ಲ ಗಾಜು ಹತ್ತಿ ಮೂಲೆಯಲ್ಲಿ ಗುಂಪಾಗಿ ಕೂತಿದ್ದವು. ಮೂರು ಸತ್ತವು. ಇವಕ್ಕೆ ಉಸಿರಾಟದ ಅಂಗ ಹೊಟ್ಟೆಯ ಅಡಿ, ಬಾಲದ ಹತ್ತಿರ. ಅದು ತೇವವಾಗಿರಬೇಕು, ಆದರೆ ನೀರು ನಿಂತರೆ ಉಸಿರು ಕಟ್ಟುತ್ತದೆ.

ಹಲಗೆ ತೆಗೆದು ಸೊಳ್ಳೆ ಜಾಲರಿ ಬಿಗಿದೆ. ಒಂದು ಮೂಲೆಯ ಪಾಚಿ ಮಾತ್ರ ಒದ್ದೆ, ಉಳಿದ ಕಡೆ ಬರೀ ಎಲೆ. ಬೇಕಾದ ಕಡೆ ಅವೇ ಹೋಗುತ್ತವೆ. ಆಮೇಲೆ ಮಳೆಗಾಲ ಮುಗಿಯುವವರೆಗೂ ನಾನು ನೀರೇ ಹಾಕಲಿಲ್ಲ.

ಎಲೆ ವಿಷಯಕ್ಕೆ ಬಂದರೆ, ಕಿಟ್‌ನಲ್ಲಿ ಕೊಟ್ಟದ್ದು ಮೂರು ವಾರಕ್ಕೆ ಖಾಲಿ. ಕೊಡಗಿನಲ್ಲಿ ತರಗೆಲೆಗೆ ಬರವೇ ಅಂತ ತೋಟಕ್ಕೆ ಹೊರಟವಳು ಅರ್ಧಕ್ಕೇ ನಿಂತೆ. ಮೇ ತಿಂಗಳಲ್ಲಿ ಕಾಫಿಗೆ ಬೋರ್ಡೋ ಹೊಡೆಸಿದ್ದೆವು. ಅದು ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಅಂದರೆ ತಾಮ್ರ. ಐಸೋಪಾಡ್‌ನ ಮೈಯಲ್ಲಿ ತಾಮ್ರ ಸೇರುತ್ತಾ ಹೋಗುತ್ತದೆ, ಜಾಸ್ತಿಯಾದರೆ ವಿಷ. ಚೀಟಿಯಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ತೋಟದವರು ಇದನ್ನು ಕೊಂಡರೆ ಮೊದಲು ಎಡವುವುದೇ ಇಲ್ಲಿ ಅಲ್ವಾ? ಕೊನೆಗೆ ಬಚ್ಚಲ ಹಿಂದಿನ ಹಲಸಿನ ಎಲೆ ಆಯ್ದೆ. ಅಲ್ಲಿ ಯಾರೂ ಏನೂ ಹೊಡೆಯುವುದಿಲ್ಲ. ಕುದಿಸಿ, ಹಿಂಡಿ ಹಾಕಿದೆ, ಇಲ್ಲದಿದ್ದರೆ ಜೊತೆಗೆ ಲಕ್ಷ್ಮಿಚೇಳು ಬರುತ್ತದೆ.

ತಿನ್ನಿಸುವುದು ಸುಲಭ. ವಾರಕ್ಕೊಮ್ಮೆ ಉಗುರಿನಷ್ಟು ಕ್ಯಾರೆಟ್, ಒಂದು ಚಿಟಿಕೆ ಮೀನಿನ ಆಹಾರ. ಒಮ್ಮೆ ಸುಮ್ನೆ ಒಣಮೀನು ಹಾಕಲು ಹೋಗಿದ್ದೆ, ಉಪ್ಪು ನೆನಪಾಗಿ ಕೈ ಹಿಂದಕ್ಕೆ ತೆಗೆದೆ. ಕ್ಯಾರೆಟ್ ಮೇಲೆ ಬೂಸ್ಟು ಕಂಡರೆ ಎರಡು ದಿನದಲ್ಲಿ ಸ್ಪ್ರಿಂಗ್‌ಟೇಲ್ ಅದನ್ನು ಮುಗಿಸುತ್ತವೆ. ಇಡೀ ಕಿಟ್‌ನಲ್ಲಿ ದುಡ್ಡಿಗೆ ಮೋಸ ಮಾಡದ ವಸ್ತು ಆ ಕಪ್.

ಆಗಸ್ಟ್‌ನಲ್ಲಿ ಒಂದು ದಿನ ಕರೆಂಟಿಲ್ಲದ ಸಂಜೆ ಟಾರ್ಚ್ ಹಿಡಿದು ನೋಡಿದಾಗ ಒಂದು ಹುಳದ ಹಿಂದಿನ ಅರ್ಧ ನೀಲಿ, ಮುಂದಿನ ಅರ್ಧ ಸುಣ್ಣದ ಹಾಗೆ ಬಿಳಿ. ರೋಗ ಬಂತು ಎಂದುಕೊಂಡೆ. ಅದು ಪೊರೆ ಬಿಡುತ್ತಿತ್ತು. ಇವು ಒಂದೇ ಸಲ ಬಿಡುವುದಿಲ್ಲ, ಮೊದಲು ಹಿಂದಿನ ಅರ್ಧ, ಆಮೇಲೆ ಮುಂದಿನದು. ಬಿಟ್ಟ ಪೊರೆಯನ್ನು ಅದೇ ತಿಂದಿತು, ಸುಣ್ಣದಂಶ ವ್ಯರ್ಥವಾಗಬಾರದಲ್ಲ. ಕಡಲನಾಲಿಗೆ ಕೊಟ್ಟಿರುವುದೂ ಅದಕ್ಕೇ. ಅದು ಮುಗಿದ ಮೇಲೆ ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುತ್ತಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಮರಿಗಳು ಕಂಡವು, ರವೆ ಕಾಳಿನಷ್ಟು, ಬಿಳಿ. ಮಗ ಭೂತಗನ್ನಡಿ ಹಿಡಿದು ಎಣಿಸಿ ಕಾಲು ಹನ್ನೆರಡೇ ಇದೆ ಎಂದು ಗಾಬರಿಯಾದ. ಹುಟ್ಟುವಾಗ ಇರುವುದೇ ಅಷ್ಟು, ಏಳನೇ ಜೊತೆ ಪೊರೆ ಬಿಟ್ಟ ಮೇಲೆ ಬರುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಇನ್ನೊಮ್ಮೆ ತರಿಸಿದರೆ ಹುಳ ಮತ್ತು ಸ್ಪ್ರಿಂಗ್‌ಟೇಲ್ ಕಪ್ ಮಾತ್ರ, ಅದೂ ಡಿಸೆಂಬರ್ ಚಳಿಯಲ್ಲಿ, ದಾರಿಯಲ್ಲಿ ಸೆಕೆಗೆ ಸಾಯದ ಹಾಗೆ. ಇದ್ದಿಲು ನಮ್ಮ ಒಲೆಯಲ್ಲೇ ಇದೆ. ಆ ಅಕ್ರಿಲಿಕ್ ಹಲಗೆ ಈಗ ಅತ್ತೆಯ ಹಪ್ಪಳದ ಮಣೆ.