ಉಣ್ಣೆಗೆ ಹನಿಯೋ, ಮಾತ್ರೆಯೋ, ಪಟ್ಟಿಯೋ?

ಮೊದಲು ನಾಯಿಯ ಕಿವಿಯೊಳಗೆ ಬೆರಳಾಡಿಸಿ. ರಕ್ತ ಕುಡಿದು ಹರಳು ಬೀಜದಂತೆ ಊದಿದ ಉಣ್ಣೆ ಸಿಕ್ಕೀತು. ಖರ್ಚು ಹಿಡಿತದಲ್ಲಿರಬೇಕೆಂದರೆ ಫಿಪ್ರೊನಿಲ್ ಹನಿ: ಹೆಗಲ ನಡುವೆ ಕೂದಲು ಸರಿಸಿ, ತಿಂಗಳಿಗೊಮ್ಮೆ ನೇರ ಚರ್ಮಕ್ಕೆ ಬಿಡಬೇಕು. ಹಿಂದೆ ಮುಂದೆ ಎರಡೆರಡು ದಿನ ಸ್ನಾನವಿಲ್ಲ. ಹಾಗಾಗಿ ಕೆರೆ ಕಂಡಲ್ಲಿ ಧುಮುಕುವ ನಾಯಿಗೆ ಹನಿ ದಂಡ, ಮಾತ್ರೆಯೇ ಸರಿ; ಫ್ಲುರಲೇನರ್ ಆದರೆ ಸುಮಾರು 12 ವಾರ ಕೆಲಸ ಮಾಡುತ್ತದೆ. ಜೇಬಿಗೆ ಭಾರ, ನಿಜ. ಫಿಟ್ಸ್ ಬಂದಿರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಲೇಬೇಡಿ.

ತಾರೀಖು ಮರೆಯುವ ಯಜಮಾನರಿಗೆ (ನನ್ನಂಥವರಿಗೆ) ಕುತ್ತಿಗೆ ಪಟ್ಟಿ. ಫ್ಲುಮೆಥ್ರಿನ್ ಇರುವ ಕೆಲವು 8 ತಿಂಗಳವರೆಗೆ ಬರುತ್ತವೆ. ಎರಡು ಬೆರಳು ತೂರುವಷ್ಟು ಸಡಿಲವಿರಲಿ. ನಾಯಿಯನ್ನು ತಬ್ಬಿ ಮಲಗುವ ಪುಟ್ಟ ಮಗು ಮನೆಯಲ್ಲಿದ್ದರೆ ಮಾತ್ರ ನಾನು ಪಟ್ಟಿ ಕೊಳ್ಳಲಾರೆ.