ಹಳೆ ಕಾರಿನ ಕಿಟಕಿ ಪಟ್ಟಿಗೆ ಸ್ಯಾಟಿನ್ ಬ್ಲ್ಯಾಕ್ ಸ್ಪ್ರೇ: ಎಲ್ಲಿ ಹಿಡಿಯುತ್ತದೆ, ಎಲ್ಲಿ ಎದ್ದು ಬರುತ್ತದೆ

ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ಓಡಾಡುವ ಕೆಎ-25 ನಂಬರಿನ ಹಳೆಯ ಝೆನ್, ಎಸ್ಟೀಮ್, ಸ್ಯಾಂಟ್ರೋ, ಇಂಡಿಕಾಗಳನ್ನು ಹತ್ತಿರ ಹೋಗಿ ನೋಡಿ. ಗಾಡಿಯ ಮೈಗೆ ಒಮ್ಮೆ ಪಾಲಿಶ್ ಹೊಡೆಸಿದರೆ ಬಣ್ಣ ಇನ್ನೂ ಮಿಂಚುತ್ತದೆ. ಆದರೆ ಕಿಟಕಿಯ ಸುತ್ತಲಿನ ಕಪ್ಪು ಪಟ್ಟಿ ಬೂದಿಯ ಬಣ್ಣಕ್ಕೆ ತಿರುಗಿ, ಚಲೋ ಇರುವ ಗಾಡಿಯನ್ನೂ ಮುದಿಯಾಗಿ ಕಾಣಿಸುತ್ತದೆ. ಇದಕ್ಕೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪೇಂಟ್ ಅಂಗಡಿಗೆ ಹೋಗಿ ‘ಒಂದು ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಕೊಡ್ರಿ’ ಎನ್ನುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ದೋಷ ಡಬ್ಬಿಯ ಮೇಲೆ ಬೀಳುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. 400 ಮಿ.ಲೀ. ಸ್ಯಾಟಿನ್ ಬ್ಲ್ಯಾಕ್ (ಅರೆ ಹೊಳಪಿನ ಕಪ್ಪು) ಕ್ಯಾನಿಗೆ ಬಾಗಿಲ ಚೌಕಟ್ಟಿನ ಸ್ಟೀಲಿನ ಮೇಲೆ ಹತ್ತಕ್ಕೆ ಒಂಬತ್ತು ಅಂಕ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಪ್ರೈಮರ್ ಜೊತೆಗಾದರೆ ಏಳು, ಪ್ರೈಮರ್ ಇಲ್ಲದೆ ಎರಡು. ಮೆತ್ತನೆಯ ರಬ್ಬರಿನ ಮೇಲೆ ಸೊನ್ನೆ. ಡಬ್ಬಿ ಅದೇ, ಬಣ್ಣ ಅದೇ; ಕೆಳಗಿರುವ ವಸ್ತು ಬೇರೆ.

ಆದ್ದರಿಂದ ಮೊದಲು ಪಟ್ಟಿ ಯಾವುದರದ್ದು ಎಂದು ಗುರುತಿಸಬೇಕು. ಒಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಅದು ಬಣ್ಣ ಬಳಿದ ಸ್ಟೀಲ್ ಚೌಕಟ್ಟು, ಇಲ್ಲವೇ ಸ್ಟೀಲಿನ ಮೇಲೆ ಕಂಪನಿಯೇ ಅಂಟಿಸಿದ ಕಪ್ಪು ಟೇಪು. ಟೇಪಾದರೆ ಮೂಲೆಯಲ್ಲಿ ಉಗುರಿಗೆ ಅಂಚು ಸಿಗುತ್ತದೆ. ಗಾಜಿನ ಬುಡದಲ್ಲಿ ಉದ್ದಕ್ಕೆ ಹೋಗುವ ಬೀಡಿಂಗ್ ಮಾತ್ರ ಮೋಸ ಮಾಡುತ್ತದೆ. ಅದರೊಳಗೆ ತೆಳು ಲೋಹದ ತಗಡು, ಮೇಲೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಹೊದಿಕೆ, ಗಾಜಿಗೆ ತಾಗುವ ತುಟಿಯ ಮೇಲೆ ಮಖಮಲ್ಲಿನಂಥ ನವಿರು ಎಳೆ. ಅಯಸ್ಕಾಂತ ಅಂಟಿತೆಂದು ಇದನ್ನು ಸ್ಟೀಲ್ ಎಂದುಕೊಳ್ಳಬೇಡಿ, ಉಗುರಿನಿಂದ ಒತ್ತಿ ನೋಡಿ: ಗುರುತು ಬಿದ್ದು ಮೆಲ್ಲಗೆ ಮಾಯವಾದರೆ ರಬ್ಬರು. ಪದ್ಮಿನಿ, ಅಂಬಾಸಿಡರ್‌ಗಳ ಹೊಳೆಯುವ ಲೋಹದ ಪಟ್ಟಿಗೆ ಬಣ್ಣದ ಮಾತೇ ಬೇಡ. ಸ್ಟೇನ್‌ಲೆಸ್ ಇದ್ದರೆ ಮೆಟಲ್ ಪಾಲಿಶ್ ಸಾಕು, ಕ್ರೋಮ್ ಚಕ್ಕೆ ಎದ್ದಿದ್ದರೆ ಮತ್ತೆ ಪ್ಲೇಟಿಂಗ್ ಮಾಡಿಸುವುದೊಂದೇ ದಾರಿ.

ಪಟ್ಟಿ ಬೂದಿಯಾಗುವುದು ಬಣ್ಣ ಹೋಗಿದ್ದರಿಂದ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಮೇಲ್ಪದರವನ್ನು ಒಡೆದು, ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು, ಸುಣ್ಣದಂಥ ಪುಡಿ ಉಳಿಯುತ್ತದೆ. ಬೆಳಕು ಅದರಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಒದ್ದೆ ಅರಿವೆಯಿಂದ ಒಮ್ಮೆ ಒರೆಸಿ ನೋಡಿ. ನೀರು ಇರುವಷ್ಟು ಹೊತ್ತು ಪಟ್ಟಿ ಕಡುಕಪ್ಪಾಗಿ, ಆರಿದ ಕೂಡಲೇ ಬೂದಿಯಾದರೆ ಮೇಲ್ಪದರ ಮಾತ್ರ ಕೆಟ್ಟಿದೆ, ಕೆಲಸ ಸುಲಭ. ಒದ್ದೆ ಮಾಡಿದರೂ ಕಲೆ ಕಲೆಯಾಗಿಯೇ ಕಂಡರೆ ಅಲ್ಲಿ ಹಳೆ ಪೇಂಟ್ ಎದ್ದಿದೆ ಎಂದರ್ಥ.

ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್, ಹಳೆ ಎಂಜಿನ್ ಆಯಿಲ್ ಹಚ್ಚಿದಾಗ ಪಟ್ಟಿ ಕಪ್ಪಾಗುವುದೂ ಇದೇ ಕಾರಣಕ್ಕೆ, ಎಣ್ಣೆ ಆ ಬಿರುಕುಗಳಲ್ಲಿ ತುಂಬಿಕೊಳ್ಳುತ್ತದೆ. ಆದರೆ ಕಿಟಕಿಯ ರಬ್ಬರು ಸಾಮಾನ್ಯವಾಗಿ ಇಪಿಡಿಎಂ ಜಾತಿಯದು. ಬಿಸಿಲು ತಾಳುತ್ತದೆ, ಪೆಟ್ರೋಲಿಯಂ ಎಣ್ಣೆ ತಾಳುವುದಿಲ್ಲ. ಎಂಜಿನ್ ಆಯಿಲ್, ಸೀಮೆಎಣ್ಣೆ, ವ್ಯಾಸಲೀನ್ ಯಾವುದು ಹಚ್ಚಿದರೂ ಉಬ್ಬಿ ಸಡಿಲಾಗುತ್ತದೆ. ಮೇಲಾಗಿ ನವಲಗುಂದ, ಗದಗದ ಕಡೆ ಓಡುವ ಗಾಡಿಗೆ ಎರಿ ಮಣ್ಣಿನ ಧೂಳು ಆ ಎಣ್ಣೆಯ ಮೇಲೆ ಕೂತು ಗಾಜಿಗೆ ಮರಳು ಕಾಗದದಂತೆ ಉಜ್ಜುತ್ತದೆ. ರಬ್ಬರಿಗೆ ಸಿಲಿಕೋನ್ ಗ್ರೀಸ್ ಅಥವಾ ಗ್ಲಿಸರಿನ್ ಬೆರಳ ತುದಿಯಷ್ಟು ಸಾಕು. ಬಣ್ಣದ ಕೆಲಸ ಇದ್ದರೆ ಮಾತ್ರ ಇದನ್ನು ಕೊನೆಗೆ ಹಚ್ಚಿ, ಮೊದಲಲ್ಲ.

ಡಬ್ಬಿ ಕೊಳ್ಳುವಾಗ ಮುಚ್ಚಳದ ಬಣ್ಣ ನೋಡಿ ತರಬೇಡಿ, ಹೆಸರು ಓದಿ. ಗ್ಲಾಸಿ ಹೊಡೆದರೆ ಕೆಳಗಿನ ಒಂದೊಂದು ಗೀರೂ ಎದ್ದು ಕಾಣುತ್ತದೆ. ಪೂರ್ತಿ ಮ್ಯಾಟ್ ಆದರೆ ಬೆರಳಿನ ಎಣ್ಣೆಯ ಗುರುತು ಹೋಗುವುದೇ ಇಲ್ಲ, ಧೂಳೂ ಕಚ್ಚಿಕೊಳ್ಳುತ್ತದೆ. ಕಂಪನಿಯ ಪಟ್ಟಿಯ ಹೊಳಪಿಗೆ ಹತ್ತಿರ ಬರುವುದು ಸ್ಯಾಟಿನ್. ಕೆಲವು ಅಂಗಡಿಗಳಲ್ಲಿ ಕಪ್ಪು ಎಂದರೆ ಸೈಲೆನ್ಸರ್ ಬ್ಲ್ಯಾಕ್ ಕೊಟ್ಟುಬಿಡುತ್ತಾರೆ. ಅದು ಬಿಸಿಗೆಂದೇ ಮಾಡಿದ ಬಣ್ಣ, ಚೆನ್ನಾಗಿ ಕಾದ ಮೇಲೆಯೇ ಗಟ್ಟಿಯಾಗುವಂಥದ್ದು. ಕಿಟಕಿ ಪಟ್ಟಿಯ ಮೇಲೆ ತಿಂಗಳು ಕಳೆದರೂ ಉಗುರಿಗೆ ಏಳುತ್ತದೆ. ಹಾರ್ಡನರ್ ಇರುವ 2ಕೆ ಕ್ಯಾನ್ ಗಟ್ಟಿತನದಲ್ಲಿ ಎಲ್ಲಕ್ಕಿಂತ ಮೇಲು, ಆದರೆ ತುಟ್ಟಿ, ಒಮ್ಮೆ ಒಡೆದರೆ ಅದೇ ದಿನ ಮುಗಿಸಬೇಕು. ಅದರಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೋಸಯನೇಟ್ ಇರುತ್ತದೆ, ಧೂಳಿನ ಮಾಸ್ಕ್ ಅದಕ್ಕೆ ತಡೆಯಲ್ಲ. ಮನೆಯಂಗಳದ ಕೆಲಸಕ್ಕೆ ಸಾಧಾರಣ ಕ್ಯಾನೇ ಸಾಕು. ನಾಲ್ಕು ಬಾಗಿಲ ಕಾರಿಗೆ ಒಂದು ಡಬ್ಬಿಯಲ್ಲಿ ಮೂರು ಕೋಟ್ ಆಗಿ ಸ್ವಲ್ಪ ಉಳಿಯುತ್ತದೆ.

ತೊಳೆಯುವುದು, ಜಿಡ್ಡು ತೆಗೆಯುವುದು ಇಲ್ಲಿ ಅರ್ಧ ಕೆಲಸ. ಶಾಂಪೂ ನೀರಿನಲ್ಲಿ ಹಳೆ ಟೂತ್ ಬ್ರಶ್ ಅದ್ದಿ ಪಟ್ಟಿಯ ಸಂದುಗಳನ್ನು ತಿಕ್ಕಿ. ಬರುವ ಕಪ್ಪು ನೀರು ತಿಳಿಯಾಗುವವರೆಗೆ ಬಿಡಬೇಡಿ. ಆಮೇಲೆ ಗಾಜನ್ನು ನಾಲ್ಕೈದು ಸಲ ಇಳಿಸಿ ಏರಿಸಿ, ತುಟಿಯ ಹಿಂದೆ ಅಡಗಿದ ನೀರು ಹೊರಬರುತ್ತದೆ. ಪೂರ್ತಿ ಒಣಗಿದ ಮೇಲೆ 70 ಶೇಕಡದ ಐಸೋಪ್ರೊಪೈಲ್ ಆಲ್ಕೋಹಾಲ್. ಎರಡು ಅರಿವೆ ಬೇಕು: ಒಂದರಿಂದ ಒದ್ದೆ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಅರಿವೆಯಿಂದ ಎತ್ತಿಬಿಡಬೇಕು. ಆರಲು ಬಿಟ್ಟರೆ ಜಿಡ್ಡು ಅಲ್ಲೇ ಹರಡಿ ಕೂರುತ್ತದೆ. ಅರಿವೆ ಬಿಳಿಯಾಗಿಯೇ ಉಳಿಯುವ ತನಕ, ಕಡಿಮೆಯೆಂದರೆ ಮೂರು ಸಲ. ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಬೇಡವೇ ಬೇಡ. ಅದು ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಪಕ್ಕದ ಬಾಡಿ ಪೇಂಟಿನ ಅಂಚನ್ನೂ ಎಬ್ಬಿಸುತ್ತದೆ. ಹಿಂದೆ ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೆದ ಗಾಡಿಯಾದರೆ ಇಲ್ಲಿ ಇಮ್ಮಡಿ ಹೊತ್ತು ಕೊಡಿ. ಅದರ ಸಿಲಿಕೋನ್ ಒಂದು ಹನಿ ಉಳಿದರೂ ಬಣ್ಣ ಅಲ್ಲಿಂದ ಸರಿದು ದುಂಡನೆಯ ಕುಳಿ ಬೀಳುತ್ತದೆ, ಪೇಂಟರುಗಳು ಫಿಶ್ ಐ ಎನ್ನುವುದು ಇದನ್ನೇ.

ಮಾಸ್ಕಿಂಗ್‌ನಲ್ಲಿ ಕೈಚಳಕ ಬೇಕಾದದ್ದು ಒಂದೇ ಜಾಗದಲ್ಲಿ, ಗಾಜು ಮತ್ತು ತುಟಿ ಕೂಡುವಲ್ಲಿ. ಟೇಪನ್ನು ಗಾಜಿನ ಮೇಲೆ ತುಟಿಗೆ ತಾಗಿಸಿ ಅಂಟಿಸಿದರೆ ಬಣ್ಣ ಒಣಗಿದ ಮೇಲೆ ಅಲ್ಲೊಂದು ದಿಣ್ಣೆ ಗೆರೆ ನಿಲ್ಲುತ್ತದೆ, ಗಾಜು ಇಳಿದಾಗ ಅದೇ ಮೊದಲು ಸಿಡಿಯುತ್ತದೆ. ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ತುಟಿಯನ್ನು ಎರಡು ಮಿ.ಮೀ. ಎತ್ತಿ, ಕಾರ್ಡನ್ನು ಸರಿಸುತ್ತಾ ಹೋದಂತೆ ಟೇಪಿನ ಅಂಚನ್ನು ತುಟಿಯ ಕೆಳಗೆ ತೂರಿಸಿ. ಕಾರ್ಡ್ ಮುಂದೆ ಹೋದಂತೆ ತುಟಿ ತಾನಾಗಿ ಟೇಪಿನ ಮೇಲೆ ಕೂರುತ್ತದೆ. ತುಟಿಯ ಮೇಲೂ ಒಂದು ಸಣ್ಣ ಟೇಪು. ತುಟಿಗೆ ಬಣ್ಣ ತಾಗಬಾರದು. ಉಳಿದ ಗಾಜು, ಬಾಗಿಲು, ಕನ್ನಡಿ, ಟಾಪ್ ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ. ಸ್ಪ್ರೇಯ ಮಂಜು ಒಂದು ಮೀಟರ್ ಆಚೆಗೂ ಹಾರುತ್ತದೆ, ಪಕ್ಕದಲ್ಲಿ ನಿಂತ ಗಾಡಿಯ ಬಾನೆಟ್ಟೂ ದೂರವಲ್ಲ.

ಸ್ಟೀಲ್ ಚೌಕಟ್ಟಿನಲ್ಲಿ ಎದ್ದ ಬಣ್ಣವಿದ್ದರೆ 400 ನಂಬರಿನ ವಾಟರ್ ಪೇಪರಿನಿಂದ ಹಳೆ ಪೇಂಟಿನ ಅಂಚು ಕೈಗೆ ತಾಗದಷ್ಟು ಇಳಿಸಿ, 800ರಲ್ಲಿ ಮುಗಿಸಿ. ಕಂದು ತುಕ್ಕು ಕಂಡರೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಅಥವಾ ಎಚಿಂಗ್ (ಲೋಹವನ್ನು ತುಸು ಕೊರೆದು ಹಿಡಿಯುವ) ಪ್ರೈಮರ್ ಹಾಕದೆ ಮುಂದೆ ಹೋಗಬೇಡಿ. ಕಂಪನಿಯ ಟೇಪು ತೆಗೆಯಲು ಹೇರ್ ಡ್ರೈಯರ್ ಸಾಕು, ಬಿಸಿ ಮಾಡುತ್ತಾ ಬಗ್ಗಿಸಿ ನಿಧಾನ ಎಳೆಯಿರಿ. ಹಾಟ್ ಗನ್ ಹಿಡಿದು ಪಟ್ಟಿ ಕಪ್ಪು ಮಾಡುವ ವಿಡಿಯೋಗಳನ್ನು ನಂಬಬೇಡಿ, ಗಾಜಿನ ಬುಡದಲ್ಲಿ ಒಂದೇ ಕಡೆ ಅಷ್ಟು ಕಾವು ಬಿದ್ದರೆ ಗಾಜೇ ಒಡೆಯಬಹುದು. ಪ್ಲಾಸ್ಟಿಕ್ಕಿಗೆ ಪೇಪರ್ ತಾಗಿಸಬೇಡಿ, ಅಚ್ಚಿನಲ್ಲಿ ಬಂದ ಹರಳು ಹರಳಿನ ಮೇಲ್ಮೈ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಅಲ್ಲಿ ಬೂದು ಬಣ್ಣದ ಸ್ಕಾಚ್-ಬ್ರೈಟ್ ಹಗುರಾಗಿ.

ಪ್ಲಾಸ್ಟಿಕ್ ಪ್ರೈಮರ್ ಬಿಡಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥ ಪಟ್ಟಿಗಳಲ್ಲಿ ಬರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದ ಸೆಲ್ಲೋ ಟೇಪೂ ಸುಲಭಕ್ಕೆ ಎದ್ದು ಬರುತ್ತದೆ; ಆ ಮೇಲ್ಮೈ ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ. ಪ್ರೈಮರಿನ ತೆಳು ಮಂಜು ಒಂದು ಕೋಟ್ ಸಾಕು. ಮೇಲಿನ ಬಣ್ಣವನ್ನು ಡಬ್ಬಿಯ ಮೇಲೆ ಬರೆದ ಅವಧಿಯೊಳಗೆ ಹೊಡೆಯಬೇಕು. ಊಟ ಮಾಡಿ ಬಂದು ಹೊಡೆಯುತ್ತೇವೆ ಎಂದರೆ ಪ್ರೈಮರಿನ ಹಿಡಿತ ಹೋಗಿರುತ್ತದೆ.

ನಮ್ಮ ಕಡೆ ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ. ಏಪ್ರಿಲ್ ಮಧ್ಯಾಹ್ನ ಕೈ ಇಡಲಾಗದಷ್ಟು ಕಾದ ಚೌಕಟ್ಟಿಗೆ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ರವೆಯಂತೆ ಒರಟಾಗಿ ಕೂರುತ್ತದೆ. ಜುಲೈನ ಜಿಟಿ ಜಿಟಿ ಮಳೆಯಲ್ಲಿ ತೇವ ಸಿಕ್ಕಿ ಕಪ್ಪಿನ ಮೇಲೆ ಹಾಲಿನಂಥ ಮಬ್ಬು ಬರುತ್ತದೆ. ಡಬ್ಬಿಯೊಳಗಿನ ಗೋಲಿಯ ಸದ್ದು ಶುರುವಾದ ಮೇಲೂ ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ; ಸ್ಯಾಟಿನ್ ಹೊಳಪು ತರುವ ಪುಡಿ ತಳದಲ್ಲಿರುತ್ತದೆ, ಕಡಿಮೆ ಅಲ್ಲಾಡಿಸಿದರೆ ಮೊದಲ ಬಾಗಿಲು ಒಂದು ಹೊಳಪು, ನಾಲ್ಕನೆಯದು ಇನ್ನೊಂದು. ರಟ್ಟಿನ ಮೇಲೆ ಹೊಡೆದು ನೋಡಿ. 20ರಿಂದ 25 ಸೆಂ.ಮೀ. ದೂರ, ಪಟ್ಟಿ ಶುರುವಾಗುವ ಮೊದಲೇ ಗುಂಡಿ ಒತ್ತಿ, ಮುಗಿದ ಮೇಲೆ ಬಿಡಿ. ಮೊದಲ ಕೋಟಿನಲ್ಲಿ ಕೆಳಗಿನ ಬಣ್ಣ ಇನ್ನೂ ಅರ್ಧ ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಒಂದೇ ಸಲಕ್ಕೆ ಮುಗಿಸಹೊರಟರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ.

ಕೊನೆಯ ಕೋಟ್ ಆಗಿ ಅರ್ಧ ತಾಸಿನೊಳಗೆ, ಬಣ್ಣ ಕೈಗೆ ಅಂಟದಿದ್ದರೂ ಇನ್ನೂ ಮೆತ್ತಗಿರುವಾಗಲೇ, ಟೇಪನ್ನು ಹಿಂದಕ್ಕೆ ಮಡಿಸಿ ಎಳೆಯಿರಿ. ಮರುದಿನ ತೆಗೆದರೆ ಅಂಚು ಹರಿದು ಬರುತ್ತದೆ. 24 ತಾಸು ಗಾಜು ಇಳಿಸಬೇಡಿ, ಒಂದು ವಾರ ತೊಳೆಯಬೇಡಿ. ಇಷ್ಟಾದರೆ ಹೊರಗೆ ನಿಲ್ಲುವ ಗಾಡಿಯಲ್ಲೂ ಚೌಕಟ್ಟಿನ ಬಣ್ಣ ಎರಡು ಮೂರು ವರ್ಷ ಮುಖ ಕೆಡಿಸಿಕೊಳ್ಳುವುದಿಲ್ಲ.

ಬೇರೆ ಉಪಾಯಗಳ ಜೊತೆ ಹೋಲಿಸಿದರೆ? ಟ್ರಿಮ್ ರಿಸ್ಟೋರರ್ ಜೆಲ್‌ಗಳು ಹರಳು ಮೇಲ್ಮೈಯ ಪ್ಲಾಸ್ಟಿಕ್ಕಿಗೆ ಸ್ಪ್ರೇಗಿಂತ ವಾಸಿ, ಏಕೆಂದರೆ ಏಳಲು ಅಲ್ಲಿ ಪದರವೇ ಇರುವುದಿಲ್ಲ. ಆದರೆ ಕೆಲವು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ಬಾಗಿಲುಗಳ ನಡುವಿನ ಅಗಲ ಕಂಬಕ್ಕೆ ಸ್ಯಾಟಿನ್ ಕಪ್ಪು ವಿನೈಲ್ ನಮ್ಮ ಮೊದಲ ಆಯ್ಕೆ. ತಪ್ಪಾದರೆ ಕಿತ್ತು ಮತ್ತೆ ಅಂಟಿಸಬಹುದು. ಕೊಳ್ಳುವಾಗ ಕಾಸ್ಟ್ ಫಿಲ್ಮ್ ಎಂದೇ ಕೇಳಿ. ಸಸ್ತಾ ಕ್ಯಾಲೆಂಡರ್ಡ್ ಫಿಲ್ಮ್ ಎಳೆದು ತಯಾರಿಸಿದ್ದು, ಬಿಸಿಲಿಗೆ ತನ್ನ ಮೊದಲಿನ ಅಳತೆಗೆ ಕುಗ್ಗಿ ಅಂಚಿನಲ್ಲಿ ಅಂಟಿನ ಗೆರೆ ಬಿಡುತ್ತದೆ.

ಬೀಡಿಂಗಿನ ಹೊದಿಕೆ ಬಿರುಕು ಬಿಟ್ಟಿದ್ದರೆ, ತುದಿಯಲ್ಲಿ ಕುಗ್ಗಿ ಲೋಹ ಕಾಣುತ್ತಿದ್ದರೆ ಯಾವ ಬಣ್ಣವೂ ಬೇಡ, ಹೊಸದು ಹಾಕಿ. ಗಾಜು ಪೂರ್ತಿ ಇಳಿಸಿ, ಅನೇಕ ಗಾಡಿಗಳಲ್ಲಿ ಬಾಗಿಲಿನ ಅಂಚಿನಲ್ಲಿ ಇರುವ ಒಂದು ಸ್ಕ್ರೂ ಬಿಚ್ಚಿ, ಟೇಪು ಸುತ್ತಿದ ಚಪ್ಪಟೆ ಸಲಾಕೆಯಿಂದ ಬೀಡಿಂಗನ್ನು ತುದಿಯಿಂದ ತುದಿಗೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎತ್ತಿ. ಅಂಗಡಿಯಲ್ಲಿ ಹೊಸದನ್ನು ಕೊಳ್ಳುವಾಗ ಒಳತುಟಿಯ ಎಳೆಯನ್ನು ಬೆರಳಿನಿಂದ ಉಜ್ಜಿ ನೋಡಿ, ಬೆರಳಿಗೆ ಕಪ್ಪು ನವಿರು ಉದುರಿದರೆ ವಾಪಸ್ ಕೊಡಿ.

ಗ್ಯಾರೇಜಿಗೆ ಕೊಡುವವರು ದರ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ರಬ್ಬರಿನ ತುಟಿಯನ್ನು ಹೇಗೆ ಬಿಡಿಸಿ ಮಾಸ್ಕ್ ಮಾಡುತ್ತೀರಿ? ಎಲ್ಲದರ ಮೇಲೂ ಒಂದೇ ಸಲ ಗನ್ ಹೊಡೆದುಬಿಡುತ್ತೇವೆ ಎಂದರೆ ಕೀಲಿ ಕೊಡಬೇಡಿ.

ಉಳಿದ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಬರೀ ಗಾಳಿ ಬರುವವರೆಗೆ ಗುಂಡಿ ಒತ್ತಿ, ಇಲ್ಲದಿದ್ದರೆ ನಳಿಕೆ ಕಟ್ಟಿ ಆರು ತಿಂಗಳ ನಂತರದ ಟಚ್-ಅಪ್‌ಗೆ ಸಿಗುವುದಿಲ್ಲ. ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. 50 ಡಿಗ್ರಿ ಮೀರಬಾರದು ಎಂದು ಆ ಡಬ್ಬಿಯ ಮೇಲೇ ಬರೆದಿರುತ್ತದೆ, ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರು ಅದನ್ನು ಸುಲಭಕ್ಕೆ ದಾಟುತ್ತದೆ.