ಬಿಗಿಯಾದ ಇಗ್ನಿಷನ್ ಲಾಕ್: ಸ್ಪ್ರೇ, ಗ್ರಾಫೈಟ್, ಹೊಸ ಕೀ, ಹೊಸ ಬ್ಯಾರೆಲ್ – ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವುದು ಸರಿ?

ಇಗ್ನಿಷನ್ ಬಿಗಿಯಾಯಿತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಪ್ರೇ ಡಬ್ಬಿಗೆ. ಅದಕ್ಕೂ ಮುಂಚೆ ಬಿಗಿ ಎಲ್ಲಿದೆ ಎಂದು ನೋಡಬೇಕು. ಕೀ ಒಳಗೆ ಹೋಗುವಾಗಲೇ ತಡೆದರೆ ಕೊಳೆ ಅಥವಾ ಒಣಗಿದ ಜಿಡ್ಡು ಕಾರಣ. ಸಲೀಸಾಗಿ ಒಳಗೆ ಹೋಗಿ ತಿರುಗದಿದ್ದರೆ ಕೀ ಇಲ್ಲವೇ ವೇಫರ್ (ಲಾಕ್‌ನೊಳಗೆ ಕೀಯ ಕಚ್ಚುಗಳಿಗೆ ತಕ್ಕಂತೆ ಸರಿಯುವ ತೆಳು ಲೋಹದ ಬಿಲ್ಲೆ) ಸವೆದಿದೆ. ಸ್ಟಿಯರಿಂಗನ್ನು ಅತ್ತಿತ್ತ ಅಲ್ಲಾಡಿಸಿದ ತಕ್ಷಣ ತಿರುಗಿದರೆ ಬ್ಯಾರೆಲ್‌ನದು, ಅಂದರೆ ಕೀ ಕೂತು ತಿರುಗುವ ಉರುಳೆಯದು, ತಪ್ಪಿಲ್ಲ. ಓರೆಯಾಗಿ ನಿಲ್ಲಿಸಿದ ಚಕ್ರದ ಒತ್ತಡಕ್ಕೆ ಸ್ಟಿಯರಿಂಗ್ ಲಾಕ್‌ನ ಬೋಲ್ಟ್ ತನ್ನ ತೋಡಿನಲ್ಲಿ ಕಚ್ಚಿಕೊಂಡಿದೆ. ಎಂಜಿನ್ ಸ್ಟಾರ್ಟ್ ಆದ ಮೇಲೂ ಕೀ ತಾನಾಗಿ ಹಿಂದಕ್ಕೆ ಬರದಿದ್ದರೆ ಹಿಂಬದಿಯ ಸ್ವಿಚ್ ಅಥವಾ ರಿಟರ್ನ್ ಸ್ಪ್ರಿಂಗ್ ಕೆಟ್ಟಿದೆ. ಅಪಾಯ ಇರುವುದು ಈ ಕೊನೆಯದರಲ್ಲೇ. ಓಡುವ ಎಂಜಿನ್ ಜೊತೆ ಅದನ್ನು ಚಾಲೂ ಮಾಡುವ ಸ್ಟಾರ್ಟರ್ ಮೋಟರ್ ಕೂಡ ಸುತ್ತುತ್ತಲೇ ಇದ್ದು ಸುಟ್ಟುಹೋಗುತ್ತದೆ. ಇದು ಕಂಡರೆ ಬೇರೇನನ್ನೂ ಪ್ರಯೋಗಿಸದೆ ಸ್ವಿಚ್ ಬದಲಿಸಿ.

ಕಾರು ಯಾವುದು ಎಂಬುದೂ ಮುಖ್ಯ. ಮೊದಲ ಸರಣಿಯ ಜಾಗ್ವಾರ್ ಇ-ಟೈಪ್‌ನಲ್ಲಿ ಕೀ ಡ್ಯಾಶ್‌ಬೋರ್ಡಿನಲ್ಲಿದೆ, ಸ್ಟಾರ್ಟರ್‌ಗೆ ಬೇರೆಯೇ ಬಟನ್ ಇದೆ. ಅಲ್ಲಿನ ಲಾಕ್ ಸರಳ, ಬಿಚ್ಚುವುದೂ ಸುಲಭ. ಕೀ ತೆಗೆದ ಮೇಲೆ ಸ್ಟಿಯರಿಂಗ್ ಅಥವಾ ಮುಂದಕ್ಕೆ ಚಲಿಸುವುದು ಬಂದ್ ಆಗಬೇಕೆಂಬ ನಿಯಮ 1970ರ ಜನವರಿ 1ರಿಂದ ಅಮೆರಿಕದಲ್ಲಿ ಜಾರಿಗೆ ಬಂತು. ಆ ಕಾಲದಿಂದೀಚಿನ ಕಾರುಗಳಲ್ಲಿ ಲಾಕ್ ಸಾಮಾನ್ಯವಾಗಿ ಸ್ಟಿಯರಿಂಗ್ ಕಾಲಮ್‌ಗೇ ಅಂಟಿಕೊಂಡಿರುತ್ತದೆ, ಕೆಲಸವೂ ಅಷ್ಟು ಹೆಚ್ಚು.

ಮೊದಲು ಡಬ್ಬಿಗಳ ವಿಷಯ. ಡಬ್ಲ್ಯುಡಿ-40ರಂಥ ಸ್ಪ್ರೇ ಹೊಡೆದ ಮರುಗಳಿಗೆಯೇ ಲಾಕ್ ಸಡಿಲವಾಗುತ್ತದೆ, ಮೋಸ ಹೋಗುವುದೂ ಅಲ್ಲೇ. ಹಳೆಯ ಜಿಡ್ಡನ್ನು ಅದು ಕರಗಿಸುತ್ತದೆ ನಿಜ, ಆದರೆ ಉಳಿಯುವ ಎಣ್ಣೆಯ ಪದರ ಧೂಳು ಹಿಡಿದು ಕೆಲವು ವಾರಗಳಲ್ಲಿ ಮತ್ತೆ ಅಂಟಾಗುತ್ತದೆ. ಆದ್ದರಿಂದ ಅದನ್ನು ತೊಳೆಯುವ ದ್ರವವೆಂದು ಬಳಸಿ, ಎಣ್ಣೆಯೆಂದಲ್ಲ. ಪ್ಲಾಸ್ಟಿಕ್‌ಗೆ ಹಾನಿಯಾಗದ ಕಾಂಟ್ಯಾಕ್ಟ್ ಕ್ಲೀನರ್ ಇದಕ್ಕಿಂತ ಮೇಲು, ಏಕೆಂದರೆ ಅದು ಆರಿದ ಮೇಲೆ ಏನೂ ಉಳಿಯುವುದಿಲ್ಲ. ಬ್ರೇಕ್ ಕ್ಲೀನರ್ ಮಾತ್ರ ಬೇಡ, ಡ್ಯಾಶ್‌ನ ಪ್ಲಾಸ್ಟಿಕ್ ಮತ್ತು ಬಣ್ಣ ಎರಡನ್ನೂ ತಿನ್ನುತ್ತದೆ.

ತೊಳೆಯುವುದು ಹೀಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಲಾಕ್ ಕೆಳಗೆ ಬಟ್ಟೆ ಹಾಸಿ. ಕೊಳವೆಯ ತುದಿಯನ್ನು ಕೀ ತೂತಿಗೆ ಇಟ್ಟು ಒಂದೊಂದು ಸೆಕೆಂಡಿನಂತೆ ಎರಡು ಮೂರು ಸಲ ಹೊಡೆಯಿರಿ. ಹೆಚ್ಚು ಹೊಡೆದರೆ ದ್ರವ ಹಿಂಬದಿಯ ವಿದ್ಯುತ್ ಸ್ವಿಚ್‌ಗೆ ಇಳಿಯುತ್ತದೆ. ಕೀ ಹತ್ತು ಸಲ ಒಳಗೆ ಹೊರಗೆ ಆಡಿಸಿ, ಪ್ರತಿ ಸಲವೂ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಇದೇ ಕೆಲಸ. ಆಮೇಲೆ ಅರ್ಧ ಗಂಟೆ ಆರಲು ಬಿಡಿ.

ಗ್ರಾಫೈಟ್ ಪುಡಿಗೆ ಹಳೆಯ ಹೆಸರಿದೆ. ಎಣ್ಣೆಯ ಸೋಂಕೇ ಇಲ್ಲದ, ಒಣ ಲಾಕ್‌ನಲ್ಲಿ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೆತ್ತನೆಯ ಪೆನ್ಸಿಲನ್ನು ಕೀ ಮೇಲೆ ಉಜ್ಜಿದರೂ ಸಾಕು. ಆದರೆ ಹಿಂದೆ ಯಾರೋ ಎಣ್ಣೆ ಬಿಟ್ಟಿದ್ದ ಲಾಕ್‌ಗೆ ಹಾಕಿದರೆ ಕಪ್ಪು ಹಿಟ್ಟಿನಂತಾಗಿ ಮೊದಲಿಗಿಂತ ಬಿಗಿಯುತ್ತದೆ. ಐವತ್ತು ವರ್ಷದ ಕಾರಿನಲ್ಲಿ ಯಾರೂ ಎಣ್ಣೆ ಬಿಟ್ಟೇ ಇಲ್ಲ ಎಂದು ನಂಬುವುದು ಕಷ್ಟ. ಇನ್ನೊಂದು, ಗ್ರಾಫೈಟ್ ವಿದ್ಯುತ್ ಹರಿಸುತ್ತದೆ. ಡಿಕ್ಕಿಯ ಅಥವಾ ಬಾಗಿಲಿನ ಬೀಗಕ್ಕೆ ಅದು ಸೈ, ಹಿಂದೆ ಸ್ವಿಚ್ ಕೂತಿರುವ ಇಗ್ನಿಷನ್‌ಗೆ ಬೇಡ.

ಸಿಲಿಕೋನ್ ಸ್ಪ್ರೇ ರಬ್ಬರಿಗೆ ಒಳ್ಳೆಯದು. ಲೋಹಕ್ಕೆ ಲೋಹ ಉಜ್ಜುವಲ್ಲಿ ಬೇಗ ಸೋಲುತ್ತದೆ, ಕಿಡಿ ಹಾರುವ ಕಾಂಟ್ಯಾಕ್ಟ್‌ಗಳ ಮೇಲೆ ಬಿದ್ದರೆ ವಿದ್ಯುತ್ ಹರಿಯದ ಪದರ ಕಟ್ಟುತ್ತದೆ. ಗ್ರೀಸ್ ಹಾಕಿದರೆ ಚಳಿಯಲ್ಲಿ ಗಟ್ಟಿಯಾಗಿ, ವೇಫರ್‌ಗಳ ಎಳೆಯಷ್ಟು ತೆಳುವಾದ ಸ್ಪ್ರಿಂಗ್‌ಗಳಿಗೆ ಅವನ್ನು ತಳ್ಳುವ ಶಕ್ತಿಯೇ ಸಾಲದು. ಗ್ರೀಸ್‌ನ ಜಾಗ ಸ್ಟಿಯರಿಂಗ್ ಲಾಕ್‌ನ ಬೋಲ್ಟ್ ಮತ್ತು ಅದನ್ನು ಸರಿಸುವ ಕ್ಯಾಮ್, ಅದೂ ತೆಳುವಾಗಿ ಸವರಿದಷ್ಟು.

ಡಬ್ಬಿಗಳಲ್ಲಿ ಗೆಲ್ಲುವುದು ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ. ದ್ರಾವಕ ಆರಿಹೋಗಿ ಜಾರುವ ಪದರವಷ್ಟೇ ಉಳಿಯುತ್ತದೆ, ಧೂಳು ಹಿಡಿಯುವುದಿಲ್ಲ, ವಿದ್ಯುತ್ ಹರಿಸುವುದಿಲ್ಲ. ಡಬ್ಬಿಯನ್ನು ಚೆನ್ನಾಗಿ ಕುಲುಕಿ ಒಂದೇ ಸಲ ಸಣ್ಣಗೆ ಹೊಡೆದು, ಕಾಲು ಗಂಟೆ ಬಿಟ್ಟು ಕೀ ಆಡಿಸಿ. ತೊಳೆಯದ ಲಾಕ್‌ಗೆ ಹೊಡೆದರೆ ಮಾತ್ರ ದುಡ್ಡು ದಂಡ.

ಇಷ್ಟಾದರೂ ಕೀ ತಡವರಿಸಿದರೆ ಇನ್ನೊಂದು ಡಬ್ಬಿ ತರಬೇಡಿ. ಕೀಯನ್ನು ಬೆಳಕಿಗೆ ಹಿಡಿದು ನೋಡಿ: ಕಚ್ಚುಗಳ ಅಂಚು ಗುಂಡಗಾಗಿದ್ದರೆ ರೋಗ ಅಲ್ಲಿದೆ. ಒಂದು ಮಿಲಿಮೀಟರಿನ ಕೆಲವು ಹತ್ತನೆಯ ಭಾಗದಷ್ಟು ಸವೆದರೂ ವೇಫರ್ ಪೂರ್ತಿ ಒಳಗೆ ಸರಿಯದೆ ತಡೆಯುತ್ತದೆ. ಸವೆದ ಕೀಯಿಂದ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ, ಅದರ ಮೇಲೆ ಮೆಷಿನ್ನಿನ ತಪ್ಪು ಬೇರೆ. ಕೋಡ್ ಪ್ರಕಾರ ಕತ್ತರಿಸಿದ ಕೀಯೇ ಬೇಕು. ಕೋಡ್ ಕೀ ತಲೆಯ ಮೇಲೆ, ಲಾಕ್‌ನ ಮುಖದ ಮೇಲೆ (ಹಳೆಯ ಬ್ರಿಟಿಷ್ ಕಾರುಗಳ ಎಫ್‌ಎಸ್ ಸರಣಿ ಹೀಗೆ), ಬ್ಯಾರೆಲ್‌ನ ಮೈಮೇಲೆ, ಇಲ್ಲವೇ ಹಳೆಯ ಕಾಗದಪತ್ರಗಳಲ್ಲಿ ಸಿಗುತ್ತದೆ. ಎಲ್ಲೂ ಸಿಗದಿದ್ದರೆ, ಅದೇ ಕೀ ಬಾಗಿಲಿಗೂ ಆಗುವ ಕಾರಾದರೆ ಪಕ್ಕದ ಸೀಟಿನ ಕಡೆಯ ಬಾಗಿಲಿನ ಲಾಕ್ ಬಿಚ್ಚಿಸಿ ಓದಿಸಿ. ಅಪರೂಪಕ್ಕೆ ಬಳಸುವ ಲಾಕ್ ಆದ್ದರಿಂದ ಅಲ್ಲಿನ ವೇಫರ್‌ಗಳು ಹೆಚ್ಚು ಸವೆದಿರುವುದಿಲ್ಲ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ದುರಸ್ತಿ ಇನ್ನೊಂದಿಲ್ಲ. ಮೆತ್ತನೆಯ ಅಲ್ಯೂಮಿನಿಯಂ ಕೀ ಮಾತ್ರ ಬೇಡ, ಅದು ಒಳಗೇ ಮುರಿಯುತ್ತದೆ.

ಕೋಡ್ ಕೀಗೂ ಬಗ್ಗದಿದ್ದರೆ ಬ್ಯಾರೆಲ್ ಹೊರಗೆ ಬರಬೇಕು. ಹಲವು ಕಾರುಗಳಲ್ಲಿ ಕೀಯನ್ನು ಆಕ್ಸೆಸರಿ ಸ್ಥಾನಕ್ಕೆ (ಎಂಜಿನ್ ಇಲ್ಲದೆ ರೇಡಿಯೊದಂಥವು ಮಾತ್ರ ನಡೆಯುವ ಸ್ಥಾನ) ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ 1.5ರಿಂದ 2 ಮಿ.ಮೀ. ತಂತಿ ತೂರಿಸಿ ಹಿಡಿಕೆಯ ಪಿನ್ ಒತ್ತಿದರೆ ಬ್ಯಾರೆಲ್ ಈಚೆ ಬರುತ್ತದೆ. ಅಂದರೆ ಕೀ ತಿರುಗಲೇಬೇಕು. ಕಷ್ಟಪಟ್ಟಾದರೂ ತಿರುಗುತ್ತಿರುವಾಗಲೇ ಈ ಕೆಲಸ ಮುಗಿಸಬೇಕೆನ್ನುವುದು ಇದಕ್ಕೇ. ಪೂರ್ತಿ ಜಾಮ್ ಆದ ಮೇಲೆ ಉಳಿಯುವುದು ಬೀಗದ ಕಸುಬಿನವರು ಅಥವಾ ಡ್ರಿಲ್.

ಹೊರಬಂದ ಬ್ಯಾರೆಲ್‌ಗೆ ಹೊಸ ಕೀ ಹಾಕಿ ನೋಡಿ. ಎಲ್ಲ ವೇಫರ್‌ಗಳೂ ಮೈಗೆ ಸಮನಾಗಿ ಕೂರಬೇಕು. ಎದ್ದು ನಿಂತದ್ದೇ ಅಪರಾಧಿ. ಒಂದೊಂದಾಗಿ ತೆಗೆದು, ಫೋಟೋ ಹಿಡಿದು, ಕ್ರಮ ತಪ್ಪದಂತೆ ಅಂಟು ಪಟ್ಟಿಯ ಮೇಲೆ ಜೋಡಿಸಿ. ಸ್ಪ್ರಿಂಗ್‌ಗಳು ಹಾರುತ್ತವೆ, ಪಾರದರ್ಶಕ ಚೀಲದೊಳಗೆ ಕೈಯಿಟ್ಟು ಬಿಚ್ಚುವುದು ಜಾಣತನ. ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಎದ್ದ ವೇಫರನ್ನು ನಯವಾದ ಅರದಿಂದ ಉಜ್ಜಿದರೂ ಲಾಕ್ ತಿರುಗುತ್ತದೆ, ಆದರೆ ಭದ್ರತೆ ಅಷ್ಟರಮಟ್ಟಿಗೆ ಕಡಿಮೆ. ಅದೇ ಅಳತೆಯ ಹೊಸ ವೇಫರ್ ಸಿಕ್ಕರೆ ಅದನ್ನೇ ಹಾಕಿ. ವೇಫರ್‌ಗಳನ್ನೆಲ್ಲ ಕಿತ್ತೆಸೆಯುವ ಅಡ್ಡದಾರಿ ಹಿಡಿದರೆ ಸ್ಕ್ರೂಡ್ರೈವರೇ ಕೀ ಆಗುತ್ತದೆ.

ಹೊಸ ಬ್ಯಾರೆಲ್ ಅವಸರದವರಿಗೆ. ಬೇರೆ ತಯಾರಕರ ಅಗ್ಗದ ಬಿಡಿಭಾಗಗಳಲ್ಲಿ ಕೀ ಗಡಗಡ ಅಲ್ಲಾಡುವುದುಂಟು, ಬಾಗಿಲಿಗೊಂದು ಇಗ್ನಿಷನ್‌ಗೊಂದು ಕೀ ಇಟ್ಟುಕೊಳ್ಳುವ ರಗಳೆಯೂ ಸೇರುತ್ತದೆ. ಅದರ ವೇಫರ್‌ಗಳನ್ನು ಹಳೆಯ ಕೀಗೆ ಹೊಂದಿಸಿ ಜೋಡಿಸಿದರೆ ಈ ಎರಡನೆಯ ತೊಂದರೆ ತಪ್ಪುತ್ತದೆ. ನಮ್ಮ ಆಯ್ಕೆ ಮೂಲ ಬ್ಯಾರೆಲ್‌ನ ದುರಸ್ತಿಯೇ.

ತಿರುಗುವಿಕೆ ಸರಿಯಿದ್ದು ಸ್ವಿಚ್ ಮಾತ್ರ ಕೆಟ್ಟಿದ್ದರೆ ಬ್ಯಾರೆಲ್ ಮುಟ್ಟಬೇಕಿಲ್ಲ. ಡಾಟ್ಸನ್ 240ಝಡ್, ಪೋರ್ಶ 944ರಂಥವುಗಳಲ್ಲಿ ಹಿಂಬದಿಯ ವಿದ್ಯುತ್ ಭಾಗ ಸಣ್ಣ ಸ್ಕ್ರೂ ಬಿಚ್ಚಿದರೆ ಬೇರೆಯಾಗಿ ಬರುತ್ತದೆ.

ಇಡೀ ಲಾಕ್ ಬದಲಿಸುವುದು ಕೊನೆಯ ದಾರಿ. ಕಾಲಮ್‌ಗೆ ಅದನ್ನು ಹಿಡಿದಿರುವುದು ತಲೆ ಮುರಿದ ಶಿಯರ್ ಬೋಲ್ಟ್‌ಗಳು, ಅಂದರೆ ಯಾರೂ ಬಿಚ್ಚದಿರಲೆಂದು ಬಿಗಿಯುವಾಗಲೇ ತಲೆ ಮುರಿಯುವಂತೆ ಮಾಡಿದ ಬೋಲ್ಟ್‌ಗಳು. ನಡುವಿಗೆ ಪಂಚ್ ಹೊಡೆದು 3 ಮಿ.ಮೀ. ಬಿಟ್‌ನಿಂದ ತೂತು ಕೊರೆದು, ಆಮೇಲೆ ಎಡಕ್ಕೆ ಸುತ್ತುವ ಬಿಟ್ ಹಾಕಿದರೆ ಎಷ್ಟೋ ಸಲ ತಾವಾಗಿಯೇ ಬಿಚ್ಚಿ ಬರುತ್ತವೆ. ಸಣ್ಣ ಕಟಿಂಗ್ ಚಕ್ರದಿಂದ ಗೀರು ಹಾಕಿ ಸ್ಕ್ರೂಡ್ರೈವರ್ ಕೊಡುವುದೂ ಆಗುತ್ತದೆ, ಜಾಗವಿದ್ದರೆ. ಲೋಹದ ಪುಡಿ ವೈರಿಂಗ್ ಮೇಲೆ ಬೀಳದಂತೆ ಮುಚ್ಚಿ. ಹೊಸ ಶಿಯರ್ ಬೋಲ್ಟನ್ನು ಮೊದಲು ಹಗುರಾಗಿ ಬಿಗಿದು, ಕೀ ಎಲ್ಲ ಸ್ಥಾನಕ್ಕೂ ಹೋಗುತ್ತದೆಯೇ, ಸ್ಟಿಯರಿಂಗ್ ಲಾಕ್ ಆಗಿ ಪೂರ್ತಿ ಬಿಡುತ್ತದೆಯೇ, ಸ್ಟಾರ್ಟ್‌ನಿಂದ ಕೈ ಬಿಟ್ಟೊಡನೆ ಕೀ ಹಿಂದಕ್ಕೆ ಬರುತ್ತದೆಯೇ ಎಂದು ನೋಡಿ. ಆಮೇಲಷ್ಟೇ ತಲೆ ಮುರಿಯುವ ತನಕ ಬಿಗಿಯಿರಿ. ಲಾಕ್‌ನ ಬೋಲ್ಟ್ ಅರ್ಧಂಬರ್ಧ ಹೊರಗೆ ಚಾಚಿಕೊಂಡಿದ್ದರೆ ಓಡುವಾಗಲೇ ಸ್ಟಿಯರಿಂಗ್ ಕಚ್ಚಬಹುದು. ಅಂಥ ಕಾರನ್ನು ರಸ್ತೆಗಿಳಿಸಬೇಡಿ.

ಇಷ್ಟೆಲ್ಲ ಬಿಚ್ಚಿದಾಗ ಸ್ಟಾರ್ಟರ್ ಸೊಲೆನಾಯ್ಡ್‌ಗೆ (ಸ್ಟಾರ್ಟರ್‌ಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ನಡೆಸುವ ಸ್ವಿಚ್, ಸೇರಿಸಿಬಿಡಿ. ಆಗ ಸೊಲೆನಾಯ್ಡ್‌ನ ಕರೆಂಟ್ ಹಳೆಯ ಸ್ವಿಚ್‌ನ ಮೂಲಕ ಹರಿಯುವುದಿಲ್ಲ, ಕಾಂಟ್ಯಾಕ್ಟ್‌ಗಳು ಸುಡುವುದೂ ತಪ್ಪುತ್ತದೆ. ಇಗ್ನಿಷನ್ ಕೀಯನ್ನು ಮನೆಯ ಬೀಗದ ಕೈಗಳ ಗೊಂಚಲಿನಿಂದ ಬೇರೆ ಮಾಡಿ. ಆ ಭಾರಕ್ಕೆ ವೇಫರ್‌ಗಳು ಒಂದೇ ಕಡೆಗೆ ಸವೆಯುತ್ತವೆ.